ಮಳೆಮಾಪಕದ ಕಂಪ್ಯೂಟರಿಗೆ ನಿದ್ದೆ ಕಲಿಸುವ ಕೆಲಸ: ಟಿಕ್ ನಿಲ್ಲಿಸಿದ ಮೇಲೆ ಕಂಡದ್ದು

ಉಡುಪಿಯ ನಮ್ಮ ಮನೆಯ ತಾರಸಿಯಲ್ಲಿರುವ ಮಳೆಮಾಪಕದ ಲೆಕ್ಕ ಇಡುವುದು ಒಂದು ಹಳೆಯ ಕೋರ್ 2 ಡ್ಯುಯೋ ಲ್ಯಾಪ್‌ಟಾಪ್. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿರುವುದರಿಂದ, ಗಾಳಿಮಳೆಗೆ ಕರೆಂಟು ಹೋದಾಗಲೆಲ್ಲ ಅದು ಮನೆಯ ಇನ್ವರ್ಟರನ್ನೇ ನೆಚ್ಚಿಕೊಳ್ಳುತ್ತದೆ. ಆಟಿ ತಿಂಗಳಲ್ಲಿ ಇದು ಪದೇ ಪದೇ ನಡೆಯುವ ಸಂಗತಿಯಾದ್ದರಿಂದ, ಫ್ಯಾನು ಮತ್ತು ದೀಪಗಳ ಪಾಲಿನಿಂದ ಈ ಯಂತ್ರ ಕಿತ್ತುಕೊಳ್ಳುವ ಒಂದೊಂದು ವ್ಯಾಟ್‌ಗೂ ನಾನು ಮನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಪರದೆಯನ್ನು ಆರಿಸಿ, ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದ್ದಾಗಿದೆ; ಈಗ ಉಳಿದಿರುವುದು ಪ್ರೊಸೆಸರಿನ ನಿದ್ದೆ.

ಈ ಯಂತ್ರದಲ್ಲಿರುವುದು ಡೆಬಿಯನ್ ಲಿನಕ್ಸ್. ಅದರ ಕರ್ನಲ್ಲಿನ (ವ್ಯವಸ್ಥೆಯ ತಿರುಳಿನ) ಟಿಕ್, ಎಂದರೆ ಪ್ರೊಸೆಸರಿನ ಪ್ರತಿ ಕೋರನ್ನೂ ಗಡಿಯಾರ ತಟ್ಟಿ ಎಬ್ಬಿಸುವ ಟೈಮರ್ ಇಂಟರಪ್ಟ್, ಸೆಕೆಂಡಿಗೆ 250 ಬಾರಿ ಬರುವಂತೆ ನಿಗದಿಯಾಗಿದೆ. ಟಿಕ್ಕನ್ನು ಎಂದೂ ನಿಲ್ಲಿಸದಿದ್ದರೆ ಎರಡು ಕೋರ್‌ಗಳಿಗೆ ಸೆಕೆಂಡಿಗೆ 500, ದಿನಕ್ಕೆ 4 ಕೋಟಿ 32 ಲಕ್ಷ ಟೈಮರ್ ಇಂಟರಪ್ಟ್‌ಗಳಾಗುತ್ತವೆ, ಅವುಗಳಲ್ಲಿ ಬಹುಪಾಲು ಕೆಲಸವಿಲ್ಲದೆ ಮಲಗಿದ ಕೋರನ್ನು ಸುಮ್ಮನೆ ಎಬ್ಬಿಸುವಂಥವು. ಖಾಲಿ ಕೋರಿನಲ್ಲಿ ಟಿಕ್ ನಿಲ್ಲಿಸಿ, ಮುಂದಿನ ನಿಜವಾದ ಟೈಮರ್ ಇರುವ ಹೊತ್ತಿಗೆ ಗಡಿಯಾರವನ್ನು ಹೊಂದಿಸಿಡುವ ವ್ಯವಸ್ಥೆ ಲಿನಕ್ಸ್‌ನ 2.6.21ನೇ ಆವೃತ್ತಿಯಲ್ಲಿ, 2007ರಲ್ಲಿ ಬಂದಿತು.

ಇದರಿಂದ ಎಷ್ಟು ಉಳಿಯುತ್ತದೆ ಎಂದು ನೋಡಲು ಒಂದು ರಾತ್ರಿ ಈ ಸೌಲಭ್ಯವನ್ನು ಬೂಟ್ ಸಾಲಿನಲ್ಲೇ (ಯಂತ್ರ ಶುರುವಾಗುವಾಗ ಕರ್ನಲ್ಲಿಗೆ ಕೊಡುವ ಸೂಚನೆಯಲ್ಲೇ) ಮುಚ್ಚಿ, ಮರುರಾತ್ರಿ ತೆರೆದು ಅಳೆದೆ. ಆ ಎರಡು ರಾತ್ರಿಗಳ ಅಂಕಿಗಳನ್ನು ಈಗ ಅಳಿಸಿದ್ದೇನೆ. ಸೌಲಭ್ಯವನ್ನು ಮುಚ್ಚಿದಾಗ ಕರ್ನಲ್ ನಿದ್ದೆಯ ಆಳವನ್ನು ನಿರ್ಧರಿಸುವ ಗವರ್ನರ್ ಎಂಬ ತನ್ನ ಭಾಗವನ್ನೂ ತಾನಾಗಿಯೇ ಬದಲಿಸಿ, ‘ಮೆನು’ ಎಂಬ ಗವರ್ನರಿನ ಜಾಗದಲ್ಲಿ ‘ಲ್ಯಾಡರ್’ (ಏಣಿ) ಎಂಬುದನ್ನು ಕೂರಿಸುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಲ್ಯಾಡರ್ ಹೆಸರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕೆ ಇಳಿಯುತ್ತದೆ ಮತ್ತು ಅದಕ್ಕೆ ಪದೇ ಪದೇ ಎಚ್ಚರವಾಗುತ್ತಿರಬೇಕು. ಮೆನು ಮುಂದಿನ ಟೈಮರ್ ಎಷ್ಟು ದೂರವಿದೆ ಎಂದು ನೋಡಿ, ಹಿಂದಿನ ಅನುಭವವನ್ನೂ ಸೇರಿಸಿ ಒಮ್ಮೆಗೇ ಊಹಿಸುತ್ತದೆ. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಿ, ಫಲವನ್ನೆಲ್ಲ ಒಂದರ ಲೆಕ್ಕಕ್ಕೆ ಬರೆದಿದ್ದೆ. ಗವರ್ನರನ್ನು ಬೂಟ್ ಸಾಲಿನಲ್ಲಿ ಮೆನುವಿಗೇ ಕಟ್ಟಿಹಾಕಿ ಮತ್ತೆ ಅಳೆದಾಗ ವ್ಯತ್ಯಾಸ ಉಳಿಯಿತಾದರೂ ಮೊದಲಿನಷ್ಟು ದೊಡ್ಡದಾಗಿರಲಿಲ್ಲ.

ಅದು ಚಿಕ್ಕದಾಗಿರಲು ಕಾರಣ ಬಹುಮಟ್ಟಿಗೆ ಈ ಯಂತ್ರದ ವಯಸ್ಸು. ಈ ಪೀಳಿಗೆಯ ಪ್ರೊಸೆಸರುಗಳಲ್ಲಿ ಕೋರ್ ಸಿ3 ಎಂಬ ಆಳ ನಿದ್ದೆಯ ಸ್ಥಿತಿಗೆ ಇಳಿದರೆ ಅದರ ಸ್ವಂತ ಟೈಮರೂ ನಿಂತುಹೋಗುತ್ತದೆ. ಆದ್ದರಿಂದ ಎಬ್ಬಿಸುವ ಹೊಣೆಯನ್ನು ಎರಡೂ ಕೋರ್‌ಗಳಿಗೆ ಸಾಮಾನ್ಯವಾದ, ಪ್ರೊಸೆಸರಿನ ಹೊರಗಿರುವ ಎಚ್‌ಪಿಇಟಿ ಟೈಮರಿಗೆ ವಹಿಸಬೇಕು. ಅದು ಒಂದು ಕೋರನ್ನು ಎಬ್ಬಿಸಿ, ಆ ಕೋರ್ ಬೇಕಿದ್ದರೆ ಇನ್ನೊಂದಕ್ಕೆ ಕರೆ ಕಳುಹಿಸಬೇಕು. ಸಾಲದ್ದಕ್ಕೆ ಆ ಆಳದಲ್ಲಿ ಟಿಎಸ್‌ಸಿ (ಸಮಯ ತಿಳಿಯಲು ಪ್ರೊಸೆಸರಿನೊಳಗೇ ಇರುವ ವೇಗದ ಎಣಿಕೆಯಂತ್ರ) ಎಣಿಕೆಯೂ ನಿಲ್ಲುವುದರಿಂದ ಕರ್ನಲ್ ಅದನ್ನು ನಂಬುವುದನ್ನೇ ಬಿಟ್ಟು, ಸಮಯ ತಿಳಿಯಲು ಸಹ ನಿಧಾನದ ಎಚ್‌ಪಿಇಟಿಯನ್ನೇ ಓದತೊಡಗುತ್ತದೆ. ಹೀಗೆ ಟಿಕ್ ನಿಲ್ಲಿಸುವುದೂ ಮತ್ತೆ ಹೊರಡಿಸುವುದೂ ಖರ್ಚಿನ ಬಾಬತ್ತೇ. ನಿದ್ದೆ ಗಿಡ್ಡವಾಗಿದ್ದರೆ ಆ ಖರ್ಚಿನಷ್ಟೂ ಉಳಿತಾಯವಾಗುವುದಿಲ್ಲ.

ನಿದ್ದೆಯನ್ನು ಗಿಡ್ಡ ಮಾಡುತ್ತಿದ್ದವನು ನಾನೇ. ಮಾಪಕದ ಬಟ್ಟಲು ಪ್ರತಿ 0.2 ಮಿ.ಮೀ. ಮಳೆಗೆ ಒಮ್ಮೆ ವಾಲಿ, ಆಯಸ್ಕಾಂತದಿಂದ ಒಂದು ರೀಡ್ ಸ್ವಿಚ್ಚನ್ನು ಮುಚ್ಚುತ್ತದೆ. ನನ್ನ ಪ್ರೋಗ್ರಾಮು ಆ ಸ್ವಿಚ್ಚನ್ನು 10 ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡುತ್ತಿತ್ತು. ವರ್ಷಕ್ಕೆ 4000 ಮಿ.ಮೀ. ಮಳೆ ಎಂದುಕೊಂಡರೆ ವಾಲಿಕೆಗಳು 20,000. ಅಷ್ಟೇ ಇಣುಕುಗಳನ್ನು ಪ್ರೋಗ್ರಾಮು 200 ಸೆಕೆಂಡುಗಳಲ್ಲಿ ಮುಗಿಸುತ್ತಿತ್ತು. ಅದೂ 4 ಮಿಲಿಸೆಕೆಂಡಿನ ಟಿಕ್ಕಿಗಿಂತ 10 ದೊಡ್ಡದಾದ್ದರಿಂದ ಕರ್ನಲ್ ಪ್ರತಿ ಬಾರಿ ಟಿಕ್ ನಿಲ್ಲಿಸಿ, ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಹೊರಡಿಸುತ್ತಿತ್ತು. 2018ರ 4.17ನೇ ಆವೃತ್ತಿಯಿಂದ ಕರ್ನಲ್ ಮೊದಲು ಗವರ್ನರನ್ನು ಕೇಳಿ, ನಿದ್ದೆ ಒಂದು ಟಿಕ್ಕಿಗಿಂತ ಗಿಡ್ಡ ಎಂದು ಅದು ಹೇಳಿದರೆ ಟಿಕ್ಕನ್ನು ಹಾಗೆಯೇ ಬಿಡುತ್ತದೆ. ಅದಕ್ಕೆ ಮುಂಚೆ ಟಿಕ್ ನಿಲ್ಲಿಸಿದ ಮೇಲೆ ಊಹೆ ತಪ್ಪಿದರೆ ಕೋರ್ ತೆಳು ನಿದ್ದೆಯಲ್ಲೇ ಬಹಳ ಹೊತ್ತು ಸಿಕ್ಕಿಬೀಳುತ್ತಿತ್ತು. ವ್ಯರ್ಥವೆಂದು ನಾವು ಬೈಯುವ ಟಿಕ್ಕೇ ತಪ್ಪು ಊಹೆಯನ್ನು ತಿದ್ದುವ ಕಾವಲು ಕೂಡ ಎಂಬುದು ನನಗೆ ಇಲ್ಲಿ ಮನದಟ್ಟಾಯಿತು.

ಈಗ ಸ್ವಿಚ್ಚನ್ನು ಯುಎಸ್‌ಬಿ ಸೀರಿಯಲ್ ಅಡಾಪ್ಟರಿನ ಒಂದು ಸ್ಥಿತಿರೇಖೆಗೆ (ಆನ್ ಅಥವಾ ಆಫ್ ಎಂದಷ್ಟೇ ತಿಳಿಸುವ ತಂತಿಗೆ) ಕೊಟ್ಟು, ರೇಖೆ ಬದಲಾಗುವವರೆಗೆ ಪ್ರೋಗ್ರಾಮು ಕರ್ನಲ್ಲಿನೊಳಗೆ ಕಾಯುವಂತೆ ಬರೆದಿದ್ದೇನೆ. ಇಷ್ಟಾದರೂ ಇಂಟರಪ್ಟ್‌ಗಳು ನಿರೀಕ್ಷಿಸಿದಷ್ಟು ಇಳಿಯಲಿಲ್ಲ, ಏಕೆಂದರೆ ಅಡಾಪ್ಟರಿನ ಚಿಪ್ ಹೇಳಲು ಏನೂ ಇಲ್ಲದಿದ್ದರೂ 16 ಮಿಲಿಸೆಕೆಂಡಿಗೊಮ್ಮೆ ಸ್ಥಿತಿವರದಿ ಕಳುಹಿಸುತ್ತಿತ್ತು. ಆ ಅವಧಿಯನ್ನು ಗರಿಷ್ಠ 255ಕ್ಕೆ ಏರಿಸಿದ ಮೇಲೆ ಸೆಕೆಂಡಿಗೆ ಅರವತ್ತರ ಮೇಲಿದ್ದದ್ದು ನಾಲ್ಕರ ಆಸುಪಾಸಿಗೆ ಬಂದಿತು. ಕೋರ್‌ಗಳು ಈಗ ಹೆಚ್ಚಿನ ಹೊತ್ತು ಸಿ3ಯಲ್ಲೇ ಇರುತ್ತವೆ.

ಆದರೆ ಇಣುಕುವುದನ್ನು ಬಿಟ್ಟದ್ದಕ್ಕೆ ಬೇರೆ ಬೆಲೆ ತೆರಬೇಕಾಯಿತು. ಸ್ವಿಚ್ ಮುಚ್ಚುವಾಗ ಅದರ ಎಲೆಗಳು ಒಂದೆರಡು ಬಾರಿ ಕಂಪಿಸುತ್ತವೆ. 10 ಮಿಲಿಸೆಕೆಂಡಿನ ಇಣುಕಿಗೆ ಆ ಕಂಪನ ಕಾಣುತ್ತಿರಲಿಲ್ಲ, ಈಗ ಕಾಣುತ್ತಿದೆ, ಹಾಗಾಗಿ ಕೆಲವು ವಾಲಿಕೆಗಳು ಎರಡೆಂದು ದಾಖಲಾಗಿವೆ. ಗಂಟೆಗೆ 100 ಮಿ.ಮೀ. ಸುರಿದರೂ ಎರಡು ವಾಲಿಕೆಗಳ ನಡುವೆ 7.2 ಸೆಕೆಂಡು ಇರುವುದರಿಂದ, ಹಿಂದಿನದಕ್ಕಿಂತ 200 ಮಿಲಿಸೆಕೆಂಡಿನೊಳಗೆ ಬಂದದ್ದನ್ನು ಸಮಯ ಹೋಲಿಸಿ ಕೈಬಿಡುತ್ತಿದ್ದೇನೆ. ಇದಕ್ಕೆಂದು ಹೊಸ ಟೈಮರ್ ಇಟ್ಟಿಲ್ಲ. ಭಾನುವಾರ ಮಳೆ ಬಿಟ್ಟರೆ ಅಳೆದ ನೀರನ್ನು ಬಟ್ಟಲಿಗೆ ಹನಿಹನಿಯಾಗಿ ಸುರಿದು ಎಣಿಕೆ ಸರಿಯಿದೆಯೇ ಎಂದು ನೋಡುತ್ತೇನೆ.