ಗೃಹಪ್ರವೇಶಕ್ಕೊಂದು ಕುಂಕುಮ ಭರಣಿ

ಗೆಳತಿಯ ಗೃಹಪ್ರವೇಶಕ್ಕೆ ಈ ಸಲ ಚನ್ನಪಟ್ಟಣದ ಕುಂಕುಮ ಭರಣಿ, ಅವಳ ಮಗುವಿಗೊಂದು ಬುಗುರಿ. (ಗೋಡೆ ಗಡಿಯಾರಗಳು ಹೇಗೂ ರಾಶಿ ಬಂದಿರುತ್ತವೆ, ಬಿಡಿ.) ಹೆದ್ದಾರಿ ಬದಿಯ ದೊಡ್ಡ ಮಳಿಗೆ ಬಿಟ್ಟು ಒಳಬೀದಿಯ ಪುಟ್ಟ ಕಾರ್ಖಾನೆಗೇ ಹೋದೆ. ಗಿರ್ರನೆ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಸಾಕು, ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ಕೇದಗೆ ಗರಿ ಹಿಡಿದರೆ ಕನ್ನಡಿಯ ಹೊಳಪು. ಈ ಊರಿನದೇ ಎಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಇರುವ ಕಸುಬು ಇದು, ಆದರೂ ಬಂದವರೆಲ್ಲ ಪ್ಲಾಸ್ಟಿಕ್ ಆಟಿಕೆಯ ದರ ಹಿಡಿದು ಹೋಲಿಸುತ್ತಾರಂತೆ. ಮಾಲ್‌ನಲ್ಲಿ ತುಟಿ ಬಿಚ್ಚದೆ ಬಿಲ್ ಕಟ್ಟುವ ನಾವು ಇಲ್ಲಿ ಹತ್ತು ರೂಪಾಯಿಗೆ ಎಳೆದಾಡುವುದು ಯಾವ ನ್ಯಾಯವೋ! ಭರಣಿಯ ಮುಚ್ಚಳ ತುಸು ಬಿಗಿ, ಬಳಸುತ್ತ ಸಡಿಲವಾಗುತ್ತದೆ ಎಂದರು ಕಾರ್ಖಾನೆಯವರು. ದಸರೆಯ ಗೊಂಬೆಗೆ ಏನಾದರೂ ಬೇಕಿದ್ದವರು ಹೇಳಿ, ಮುಂದಿನ ತಿಂಗಳು ಮತ್ತೆ ಆ ಕಡೆ ಹೋಗುವುದಿದೆ.