ಒಳಗೆ ಒಂದೇ ದನಿ, ಹೊರಗೆ ಬೇರೆ ಪೆಟ್ಟಿಗೆ

ಸೆಕೆಂಡ್ ಹ್ಯಾಂಡ್‌ನಲ್ಲಿ ರೋಲ್ಯಾಂಡ್ ಎಕ್ಸ್‌ಪಿ-80 ಕೀಬೋರ್ಡ್ ತಗೊಳ್ಳೋದಾ, ಅದೇ ಕಂಪನಿಯ ಜೆವಿ-1080 ಮಾಡ್ಯೂಲಾ, ಅಂದ್ರೆ ಕೀಗಳಿಲ್ಲದ ದನಿಪೆಟ್ಟಿಗೆಯಾ? ಸೌಂಡ್ ಎಂಜಿನ್ ಹೆಚ್ಚುಕಡಿಮೆ ಒಂದೇ: 64 ವಾಯ್ಸ್ (ಒಟ್ಟಿಗೆ ಮೊಳಗಬಲ್ಲ ದನಿಗಳು), 16 ಪಾರ್ಟ್ (ಒಟ್ಟಿಗೆ ನುಡಿಸಬಲ್ಲ ಬೇರೆ ಬೇರೆ ವಾದ್ಯಗಳು), ಹೆಚ್ಚುವರಿ ದನಿಗಳ ಎಕ್ಸ್‌ಪಾನ್ಶನ್ ಬೋರ್ಡಿಗೆ 4 ಸ್ಲಾಟ್. ಎಕ್ಸ್‌ಪಿಯಲ್ಲಿ ಹೆಚ್ಚಿಗೆ ಸಿಗೋದು 76 ಕೀ, ನುಡಿಸಿದ್ದನ್ನು ನೆನಪಿಟ್ಟು ಮತ್ತೆ ನುಡಿಸುವ ಸೀಕ್ವೆನ್ಸರ್, ಜೊತೆಗೆ ಬೆನ್ನುನೋವು.

64 ಅಂದ ಮಾತ್ರಕ್ಕೆ 64 ಸ್ವರ ಅಲ್ಲ. ಒಂದು ಪ್ಯಾಚ್‌ನಲ್ಲಿ (ಸಿದ್ಧಪಡಿಸಿಟ್ಟ ದನಿ) 4 ಟೋನ್ (ಅದರ ಪದರಗಳು) ಇದ್ದರೆ ಪ್ರತಿ ಸ್ವರಕ್ಕೂ 4 ವಾಯ್ಸ್ ಖರ್ಚಾಗಿ ಉಳಿಯೋದು 16 ಸ್ವರ. ದಪ್ಪ ಸ್ಟ್ರಿಂಗ್ಸ್ ಮೇಲೆ ಸಸ್ಟೇನ್ ಪೆಡಲ್ ಒತ್ತಿ ಹಿಡಿದರೆ ಹಳೆಯ ಸ್ವರಗಳು ನಡುವೆಯೇ ಕತ್ತರಿಸಿಹೋಗುತ್ತವೆ. ಎಕ್ಸ್‌ಪಿಯನ್ನು ಕಂಪ್ಯೂಟರಿಗೆ ಜೋಡಿಸಿ ಲೋಕಲ್ ಕಂಟ್ರೋಲ್ (ಕೀಗಳಿಗೂ ಒಳಗಿನ ದನಿಗೂ ಇರುವ ನೇರ ಕೊಂಡಿ) ಆಫ್ ಮಾಡದಿದ್ದರೆ, ಕಂಪ್ಯೂಟರ್ ಸ್ವರಗಳನ್ನು ವಾಪಸ್ ಕಳಿಸುತ್ತಿದ್ದಾಗ ಪ್ರತಿ ಸ್ವರವೂ ಎರಡೆರಡು ಸಲ ಮೊಳಗಿ ಆ 16 ಕೂಡ 8 ಆಗುತ್ತೆ.

ಒಂಟಿಯಾಗಿ ಅದ್ಭುತ ಅನ್ನಿಸಿದ ಪ್ಯಾಚ್, ಹಲವು ಪಾರ್ಟ್ ಒಟ್ಟಿಗೆ ನುಡಿಸುವ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಸಪ್ಪೆ ಕೇಳಿಸೋದು ಯಾಕೆ? 1080ರಲ್ಲಿ ಇರೋದು ಒಂದೇ ಇನ್‌ಸರ್ಟ್ ಎಫೆಕ್ಟ್ (ದನಿಗೆ ಮೆರುಗು ಕೊಡುವ ಸಂಸ್ಕರಣೆ), ಅದನ್ನು ಎಲ್ಲ ಪಾರ್ಟ್‌ಗಳೂ ಹಂಚಿಕೊಳ್ಳಬೇಕು. ಅದರ ಮುಂದಿನ ಮಾಡ್ಯೂಲ್ ಜೆವಿ-2080ರಲ್ಲಿ ಮೂರಿವೆ. ಸ್ಟುಡಿಯೋದಲ್ಲಿ ಇದು ತೊಡಕಲ್ಲ. ಒಂದೊಂದೇ ಪಾರ್ಟ್ ಆಡಿಯೋ ಆಗಿ ರೆಕಾರ್ಡ್ ಮಾಡ್ಕೊಂಡರಾಯ್ತು. ಅಲ್ಲಿ ನನ್ನ ಓಟು ಮಾಡ್ಯೂಲ್‌ಗೇ.

ಲೈವ್ ಆದರೆ ಕೀಬೋರ್ಡ್. ಮಾಡ್ಯೂಲ್ ಜೊತೆ ಕಂಟ್ರೋಲರ್ (ಸ್ವರದ ಸೂಚನೆ ಕಳಿಸುವ ಕೀಬೋರ್ಡ್), ಆ ಸೂಚನೆ ಸಾಗಿಸುವ ಮಿಡಿ ಕೇಬಲ್, ಇನ್ನೊಂದು ಪ್ಲಗ್ ಪಾಯಿಂಟ್ ಬೇಕು. ಕೈಕೊಡೋಕೆ ಅಷ್ಟೂ ಜಾಗ. ಬರೀ ಯುಎಸ್‌ಬಿ ಇರುವ ಹೊಸ ಕಂಟ್ರೋಲರ್ 1080ರ 5 ಪಿನ್ ಮಿಡಿಗೆ ನೇರವಾಗಿ ಸೇರೋದೇ ಇಲ್ಲ, ನಡುವೆ ಯುಎಸ್‌ಬಿ ಹೋಸ್ಟ್ ಬಾಕ್ಸ್ ಬೇಕು. ಎಷ್ಟೋ ಹಾಡುಗಳ ಬೆನ್ನೆಲುಬಾದ ಮಾಡ್ಯೂಲ್‌ಗಳ ರ‍್ಯಾಕ್ ಯಾರ ಕಣ್ಣಿಗೂ ಬೀಳಲ್ಲ, ಪಾಪ.

ಯಾವುದೇ ತಗೊಂಡರೂ ಮೊದಲು ಯೂಸರ್ ಪ್ಯಾಚ್‌ಗಳನ್ನು ಸಿಸ್‌ಎಕ್ಸ್ ಡಂಪ್ (ಮಿಡಿ ಮೂಲಕ ಕಳಿಸುವ ನಕಲು) ಮಾಡಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒಳಗಿನ ಬ್ಯಾಟರಿ ಸತ್ತರೆ ಅವೆಲ್ಲ ಅಳಿಸಿಹೋಗುತ್ತವೆ.