ಬೆಂಕಿಯ ಬಗ್ಗೆ ಓದಬೇಕೆಂದರೆ ಡಾರ್ವಿನ್ ಕಡೆ ನೋಡಿ

ಕಾಳ್ಗಿಚ್ಚಿನ ಮೇಲೆ ಪಿಎಚ್‌ಡಿ ಮಾಡಲು ಆಸ್ಟ್ರೇಲಿಯಾಕ್ಕೆ ಬರಬೇಕು ಅಂದುಕೊಳ್ಳುವ ಕಲಬುರಗಿ, ಬೀದರ, ಯಾದಗಿರಿಯ ಮಕ್ಕಳಿಗೆ ಮೊದಲು ನೆನಪಾಗುವುದು ಮೆಲ್ಬರ್ನ್, ಸಿಡ್ನಿ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ ಹೊತ್ತಿ 173 ಜನರನ್ನು ಬಲಿ ತೆಗೆದುಕೊಂಡ ಬೆಂಕಿ, 2019–20ರ ಬೇಸಿಗೆಯ ಬೆಂಕಿ, ಟಿವಿಯಲ್ಲಿ ಎಲ್ಲರೂ ಕಂಡದ್ದು ಇವನ್ನೇ. ಆದರೆ ದಕ್ಷಿಣದ ಆ ಕಾಡಿಗೂ ನಮ್ಮ ಕಾಡಿಗೂ ಹೋಲಿಕೆ ಕಡಿಮೆ. ಅಲ್ಲಿ ನೀಲಗಿರಿ ಜಾತಿಯ ಮರಗಳ ತೊಗಟೆ ಉರಿಯುತ್ತಲೇ ಗಾಳಿಗೆ ಹಾರಿ ಕಿಲೋಮೀಟರ್‌ಗಟ್ಟಲೆ ಆಚೆ ಬಿದ್ದು ಹೊಸ ಬೆಂಕಿ ಹಚ್ಚುತ್ತದೆ. ಚಿಂಚೋಳಿ ಕಾಡಿನಲ್ಲಿ ಬೇಸಿಗೆ ಹೊತ್ತಿಗೆ ತೇಗ, ಮುತ್ತುಗ ಎಲೆ ಉದುರಿಸಿ ನಿಂತಿರುತ್ತವೆ. ಬೆಂಕಿ ಹರಿಯುವುದು ನೆಲದ ತರಗೆಲೆಯಲ್ಲಿ, ಹುಲ್ಲಿನಲ್ಲಿ.

ನಮಗೆ ಹತ್ತಿರದ್ದು ಉತ್ತರದ ಡಾರ್ವಿನ್ ಸುತ್ತಲಿನ ಸೀಮೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಆಮೇಲೆ ತಿಂಗಳುಗಟ್ಟಲೆ ಒಣ. ಅಲ್ಲಿ ಬೆಂಕಿಗೆ ಮುಖ್ಯ ಮೇವು ಆಳೆತ್ತರ ಮೀರಿ ಬೆಳೆಯುವ ಒಂದು ಕಾಡು ಹುಲ್ಲು. ಅದು ನಮ್ಮ ಜೋಳದ ಬಳಗದ್ದೇ. ಮಳೆ ನಿಂತೊಡನೆ ಬೀಜ ಉದುರಿಸಿ, ಕಣಕಿಯಂತೆ ಒಣಗಿ ಮಲಗುತ್ತದೆ.

ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಹೊತ್ತು ನೋಡಿ ತಾವೇ ಹುಲ್ಲು ಸುಡುತ್ತ ಬಂದಿದ್ದಾರೆ. ಮೇ, ಜೂನ್‌ನಲ್ಲಿ ಹುಲ್ಲಿನ ಬುಡದಲ್ಲಿ ಇನ್ನೂ ಹಸಿ ಇರುತ್ತದೆ, ರಾತ್ರಿ ಇಬ್ಬನಿ ಬೀಳುತ್ತದೆ, ಹಾಗಾಗಿ ಹಚ್ಚಿದ ಬೆಂಕಿ ಎಷ್ಟೋ ಸಲ ಕತ್ತಲಾದ ಮೇಲೆ ತಾನೇ ಸೊರಗಿ ಆರುತ್ತದೆ. ಸುಟ್ಟ ತುಂಡು, ಸುಡದ ತುಂಡು ಸೇರಿ ನೆಲ ಕೌದಿಯ ಹಾಗೆ ಕಾಣುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ಉಗ್ರ ಬೆಂಕಿ ಬಂದಾಗ ಸುಟ್ಟ ತುಂಡಿನ ಅಂಚಿಗೆ ಅದಕ್ಕೆ ಮೇವಿರುವುದಿಲ್ಲ. ದೂರದ ಜಾಗಕ್ಕೆ ಹೆಲಿಕಾಪ್ಟರ್. ಪೊಟ್ಯಾಸಿಯಂ ಪರ್ಮಾಂಗನೇಟ್ ತುಂಬಿದ ಸಣ್ಣ ಗುಂಡುಗಳಿಗೆ ಯಂತ್ರ ಗ್ಲೈಕಾಲ್ ಚುಚ್ಚಿ ಕೆಳಗೆ ಬಿಡುತ್ತದೆ. ನೆಲ ಮುಟ್ಟಿದ ಮೇಲೆ ಹೊತ್ತಿಕೊಳ್ಳುತ್ತವೆ. ಡಾರ್ವಿನ್‌ನ ಪೂರ್ವಕ್ಕಿರುವ ಪಶ್ಚಿಮ ಆರ್ನೆಮ್ ಲ್ಯಾಂಡ್ ಸೀಮೆಯಲ್ಲಿ 2006ರಿಂದ ಹೀಗೆ ಮುಂಚೆಯೇ ಸುಟ್ಟು, ಭೂಮಿಯನ್ನು ಬಿಸಿಯಾಗಿಸುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಹೊಗೆ ಎಷ್ಟು ತಗ್ಗಿತೋ ಅಷ್ಟಕ್ಕೆ ಹಣ ಪಡೆಯುತ್ತಿದ್ದಾರೆ. ಕಾರ್ಬನ್ ಡೈಆಕ್ಸೈಡ್ ಈ ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ಮಳೆಗಾಲದ ಹುಲ್ಲು ಅದನ್ನು ಮರಳಿ ಹೀರುತ್ತದೆ. ಈ ವಿಷಯಕ್ಕೆ ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯವನ್ನು ಮೊದಲು ನೋಡಿ.

ಸಂಶೋಧನೆ ಎಂದರೆ ಜ್ವಾಲೆಯ ಮುಂದೆ ನಿಲ್ಲುವುದಲ್ಲ. ಹೆಚ್ಚಿನ ದಿನಗಳು ಚೀಲ, ತಕ್ಕಡಿ, ಒಣಗಿಸುವ ಓವನ್ ಜೊತೆ ಕಳೆಯುತ್ತವೆ. 50 ಸೆಂ.ಮೀ. ಚೌಕ ಇಟ್ಟು, ಅದರೊಳಗಿನ 6 ಮಿ.ಮೀ.ಗಿಂತ ತೆಳುವಾದ ಎಲೆ, ಕಡ್ಡಿ, ಹುಲ್ಲನ್ನೆಲ್ಲ ಆರಿಸಿ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಅಂದೇ ತೂಗಬೇಕು. 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಕ. ಹಸಿ ತೂಕ 162 ಗ್ರಾಂ, ಒಣ ತೂಕ 150 ಗ್ರಾಂ ಆದರೆ ತೇವ 8 ಶೇಕಡಾ. 12ನ್ನು 150ರಿಂದ ಭಾಗಿಸಬೇಕು, 162ರಿಂದ ಅಲ್ಲ. ಹೊಸಬರು ಎಡವುವುದು ಇಲ್ಲೇ. ಇನ್ನೊಂದು ತಪ್ಪು ಮಣ್ಣು: ತಳದ ಎಲೆಗೆ ಅಂಟಿದ ಮಣ್ಣು ಕೂಡ ತೂಗಿದರೆ ಮೇವು ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಕಾಲು ಚದರ ಮೀಟರ್‌ಗೆ 150 ಗ್ರಾಂ ಅಂದರೆ ಹೆಕ್ಟೇರಿಗೆ 6 ಟನ್. ಒಣ ಮೇವಿನ ಕಿಲೋಗೆ ಸುಮಾರು 18,000 ಕಿಲೋಜೂಲ್ ಶಾಖ. ಬೆಂಕಿ ನಿಮಿಷಕ್ಕೆ 3 ಮೀಟರ್ ಸರಿದರೆ ಅದರ ಅಂಚಿನ ಪ್ರತಿ ಮೀಟರ್‌ಗೆ 540 ಕಿಲೋವಾಟ್. ಏರು 10 ಡಿಗ್ರಿ ಇದ್ದರೆ ವೇಗ ಸುಮಾರು ಎರಡು ಪಟ್ಟು, ಶಾಖವೂ ಅಷ್ಟೇ ಪಟ್ಟು. ಗುಡ್ಡದ ಮೇಲೆ ನಿಂತು ಕೆಳಗಿನ ಬೆಂಕಿ ಆರಿಸಲು ಯಾರೂ ಹೋಗಬಾರದು ಎನ್ನುವುದು ಇದಕ್ಕೇ.

ಪ್ರವೇಶಕ್ಕೆ ಪ್ರಬಂಧ ಬರೆದು ಮುಗಿಸಿದ ಎಂ.ಎಸ್ಸಿ. ಇದ್ದರೆ ಬಲ. ಅರ್ಜಿಗಿಂತ ಮೊದಲು ಮಾರ್ಗದರ್ಶಕರು ಒಪ್ಪಬೇಕು. ಅವರಿಗೆ ಬರೆಯುವ ಮೇಲ್ ಒಂದು ಪುಟ ಮೀರದಿರಲಿ. ಅವರ ಯಾವ ಕೆಲಸ ಓದಿದ್ದೀರಿ, ನಿಮ್ಮ ಪ್ರಶ್ನೆ ಏನು, ಆರ್ ಭಾಷೆ (ಅಂಕಿಅಂಶ ಲೆಕ್ಕಕ್ಕೆ ಬಳಸುವ ಕಂಪ್ಯೂಟರ್ ಭಾಷೆ) ಮತ್ತು ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ತಂತ್ರಾಂಶ) ಬಳಸಿ ಏನು ಮಾಡಬಲ್ಲಿರಿ, ಅಷ್ಟು ಸಾಕು. ಆಸ್ಟ್ರೇಲಿಯಾ ಕೇಂದ್ರ ಸರ್ಕಾರದ ಆರ್‌ಟಿಪಿ (ರಿಸರ್ಚ್ ಟ್ರೇನಿಂಗ್ ಪ್ರೋಗ್ರಾಂ) ವಿದ್ಯಾರ್ಥಿವೇತನ ವಿದೇಶಿಯರಿಗೂ ಇದೆ, ಪೈಪೋಟಿ ಜೋರು. ಓದು ಮೂರೂವರೆ, ನಾಲ್ಕು ವರ್ಷ. ಆಮೇಲಿನದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ: ಒಂದೆರಡು, ಹೆಚ್ಚೆಂದರೆ ಮೂರು ವರ್ಷದ ಗುತ್ತಿಗೆಗಳೇ ಹೆಚ್ಚು, ಕಾಯಂ ಹುದ್ದೆ ಕಡಿಮೆ.

ಊರಲ್ಲೇ ಶುರು ಮಾಡಬಹುದಾದ ಕೆಲಸ ಒಂದಿದೆ. ನಾಸಾದ ಫರ್ಮ್ಸ್ (FIRMS) ಎಂಬ ಜಾಲತಾಣದಲ್ಲಿ, ಉಪಗ್ರಹದ ವೀರ್ಸ್ (VIIRS) ಉಪಕರಣಕ್ಕೆ ಬೆಂಕಿ ಎಲ್ಲಿ ಕಂಡಿತು ಎಂದು ಚುಕ್ಕೆಗಳಲ್ಲಿ ತೋರಿಸುವ ಮಾಹಿತಿ ಉಚಿತ. ಚಿಂಚೋಳಿ, ಬೀದರ ಹತ್ತಿರದ ಹೊನ್ನಿಕೇರಿ ಕಾಡಿನ ಸುತ್ತಲಿನ ಕೆಲವು ವರ್ಷಗಳ ಚುಕ್ಕೆಗಳನ್ನು ಇಳಿಸಿ ಕಾಡಿನ ಗಡಿಯ ಮೇಲೆ ಕೂರಿಸಿ. ಕಬ್ಬಿನ ರವದಿ ಸುಟ್ಟದ್ದು, ಕಾಡು ಸುಟ್ಟದ್ದು ಬೇರ್ಪಡಿಸಿ. ಒಂದು ಚುಕ್ಕೆ ಅಂದರೆ 375 ಮೀಟರ್ ಚೌಕದೊಳಗೆ ಎಲ್ಲೋ ಬೆಂಕಿ ಇತ್ತು ಎಂದಷ್ಟೇ, ಅಷ್ಟೂ ಜಾಗ ಸುಟ್ಟಿತು ಎಂದಲ್ಲ. ಉಪಗ್ರಹ ಹಾದುಹೋಗುವ ನಡುವೆ ಹೊತ್ತಿ ಆರಿದ್ದು ಕಾಣುವುದೇ ಇಲ್ಲ. ಸ್ಥಳಕ್ಕೆ ಹೋಗಿ ತಾಳೆ ನೋಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಬೇಕು, ತರಗೆಲೆ ಆರಿಸುವುದಕ್ಕೂ. ಪ್ರಯೋಗಕ್ಕೆಂದು ಒಂದು ಕಡ್ಡಿಯನ್ನೂ ಅಲ್ಲಿ ಗೀರಬೇಡಿ. ಚಿಂಚೋಳಿ ವನ್ಯಜೀವಿ ಧಾಮ; ಅದರೊಳಗೆ ಬೆಂಕಿ ಹಚ್ಚುವುದು ಅಪರಾಧ.